ಆಸ್ಪತ್ರೆಯಲ್ಲಿ 15, ನಸುಕಿನಲ್ಲಿ 23: ಒತ್ತಡ ‘ಸರಿಯಿದ್ದೂ’ ದೃಷ್ಟಿ ಕುಗ್ಗುತ್ತಿದ್ದ ಒಂದು ಗ್ಲಾಕೋಮಾ ಪ್ರಕರಣ

ಗ್ಲಾಕೋಮಾ ಎಂದರೆ ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿ ನರ ನಿಧಾನವಾಗಿ ಸಾಯುವ ರೋಗ. ಅದರ ರೋಗಿಗಳ ಫೈಲಿನಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಸಾಲು ಯಾವುದೆಂದರೆ, ‘ಒತ್ತಡ ಹತೋಟಿಯಲ್ಲಿದೆ, ಅದೇ ಡ್ರಾಪ್ಸ್ ಮುಂದುವರಿಸಿ’. ವರ್ಷಕ್ಕೆ ಮೂರು ಸಲ, ಹೆಚ್ಚುಕಮ್ಮಿ ಒಂದೇ ಹೊತ್ತಿನಲ್ಲಿ ಅಳೆದ ಒತ್ತಡವನ್ನು ನೋಡಿ ಈ ಸಾಲು ಬರೆಯುತ್ತಾರೆ. ಉಳಿದ ಸಾವಿರಾರು ಗಂಟೆ ಆ ಕಣ್ಣು ಹೇಗಿತ್ತು ಎಂಬುದು ಅದರಲ್ಲಿ ಇರುವುದಿಲ್ಲ. ಕೆಳಗಿನ ಪ್ರಕರಣ ಈ ಅಂತರದ್ದು. ಇಲ್ಲಿನ ರೋಗಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಗ್ಲಾಕೋಮಾ ಕ್ಲಿನಿಕ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಫೈಲಿನಲ್ಲಿ ಕೂಡಿಸಿದ ಮಾದರಿ. ರೋಗಿಯ ಅಂಕಿಗಳೂ ಆ ಮಾದರಿಯವೇ.

ಫೈಲಿನಲ್ಲಿ ಇದ್ದದ್ದು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, 63 ವರ್ಷ. ಮೂರು ವರ್ಷದ ಹಿಂದೆ ಓದುವ ಕನ್ನಡಕ ಬದಲಿಸಲು ಹೋದಾಗ ಗ್ಲಾಕೋಮಾ ಗೊತ್ತಾಯಿತು. ಆಗ ಬಲಗಣ್ಣಿನ ಒತ್ತಡ 28, ಎಡಗಣ್ಣಿನದು 24 ಮಿ.ಮೀ. ಪಾದರಸ. ದೃಷ್ಟಿ ನರದ ಬಟ್ಟಲು (ನರದ ತುದಿಯಲ್ಲಿನ ಕುಳಿ; ಆ ತುದಿಯ ಎಷ್ಟು ಪಾಲನ್ನು ಅದು ಆವರಿಸಿದೆ ಎಂಬ ಅಳತೆ) ಬಲಕ್ಕೆ 0.8, ಎಡಕ್ಕೆ 0.7. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ದಪ್ಪ 498 ಮತ್ತು 502 ಮೈಕ್ರಾನ್. ರಾತ್ರಿ ಒಂದು ಹನಿ ಲ್ಯಾಟನೊಪ್ರಾಸ್ಟ್ ಶುರುವಾಯಿತು, ಒತ್ತಡ 17ಕ್ಕೆ ಬಂತು. ಎರಡು ವರ್ಷದ ಮೇಲೆ ಟಿಮೋಲಾಲ್ 0.5% ದಿನಕ್ಕೆ ಎರಡು ಸಲ ಸೇರಿತು. ಆಮೇಲಿನ ಪ್ರತಿ ಭೇಟಿಯಲ್ಲೂ ಬಲಕ್ಕೆ 15 ಅಥವಾ 16, ಎಡಕ್ಕೆ 14.

ಕಣ್ಣಿಗೆ ಸುತ್ತ ಎಷ್ಟು ಕಾಣುತ್ತದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್ ಬೇರೆ ಕಥೆ ಹೇಳುತ್ತಿತ್ತು. ಒಟ್ಟು ದೃಷ್ಟಿಕ್ಷೇತ್ರ ಸಾಮಾನ್ಯಕ್ಕಿಂತ ಎಷ್ಟು ಕೆಳಗಿದೆ ಎಂದು ತೋರಿಸುವ ಎಂಡಿ, ವರ್ಷಕ್ಕೊಂದರಂತೆ ಮಾಡಿದ ನಾಲ್ಕು ಪರೀಕ್ಷೆಗಳಲ್ಲಿ, ಬಲಗಣ್ಣಿಗೆ −6.2, −7.4, −9.1, −10.6 ಡೆಸಿಬೆಲ್, ಎಡಗಣ್ಣಿಗೆ −2.8, −3.0, −3.3, −3.5. ಅಂದರೆ ಬಲಗಣ್ಣು ವರ್ಷಕ್ಕೆ ಸುಮಾರು 1.5 ಡೆಸಿಬೆಲ್ ಕಳೆದುಕೊಳ್ಳುತ್ತಿತ್ತು. −22ರ ಆಚೆ ಹೋದ ಕಣ್ಣಿನಲ್ಲಿ ನಡೆದಾಡಲು ಉಪಯೋಗಕ್ಕೆ ಬರುವ ದೃಷ್ಟಿ ಬಹಳ ಕಡಿಮೆ ಉಳಿದಿರುತ್ತದೆ. ಇದೇ ವೇಗ ಮುಂದುವರಿದರೆ ಆ ಗೆರೆಗೆ ಏಳೆಂಟು ವರ್ಷ, ರೋಗಿಗೆ ಆಗ 71ರ ಆಸುಪಾಸು. ಎಡಗಣ್ಣು ಇದೇ ನಡಿಗೆಯಲ್ಲಿ ಹೋದರೆ ಆಯುಷ್ಯ ಮುಗಿದರೂ ದೃಷ್ಟಿ ಮುಗಿಯುವುದಿಲ್ಲ. ಈ ಲೆಕ್ಕಕ್ಕೆ ಬೇಕಾದದ್ದು ಒಂದು ಕಾಗದ, ಒಂದು ಪೆನ್ನು. ಮೂರು ವರ್ಷದಲ್ಲಿ ಅದನ್ನು ಯಾರೂ ಮಾಡಿರಲಿಲ್ಲ. ನಾಲ್ಕು ಹಾಳೆಗಳೂ ಫೈಲಿನಲ್ಲಿ ಬೇರೆ ಬೇರೆ ಕಡೆ ಕೂತಿದ್ದವು.

ರೋಗಿಗೆ ದೂರು ಇರಲಿಲ್ಲ. ಚಾರ್ಟಿನಲ್ಲಿ 6/9 ಓದುತ್ತಿದ್ದರು. ತೋಟದಲ್ಲಿ ನಡೆಯುವಾಗ ಮೇಲಿನಿಂದ ಜೋತುಬಿದ್ದ ಸೋಗೆ ಹಣೆಗೆ ತಾಗುತ್ತದೆ ಎಂದಷ್ಟೇ ಹೆಂಡತಿ ಹೇಳಿದರು. ಮೇಲ್ಭಾಗದ ದೃಷ್ಟಿಕ್ಷೇತ್ರ ಹೋದವರ ಲಕ್ಷಣ ಅದು. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವುದರಿಂದ ರೋಗಿಗೇ ಅದು ತಿಳಿಯುವುದಿಲ್ಲ.

ಮೊದಲ ಪ್ರಶ್ನೆ: ಇಳಿಕೆ ನಿಜವೇ?

ಎಂಡಿ ಇಳಿದಿದೆ ಎಂದಾಕ್ಷಣ ಗ್ಲಾಕೋಮಾ ಮುಂದುವರಿದಿದೆ ಎನ್ನುವಂತಿಲ್ಲ. ಪೊರೆ ಬೆಳೆದರೂ ಎಂಡಿ ಇಳಿಯುತ್ತದೆ. ನಿದ್ದೆಗೆಟ್ಟು, ಹಸಿದುಕೊಂಡು ಯಂತ್ರದ ಮುಂದೆ ಕೂತವರ ಹಾಳೆಯೂ ಹಾಳಾಗಿಯೇ ಬರುತ್ತದೆ. ಕನ್ನಡಕದ ಗಾಜನ್ನು ಕಣ್ಣಿನಿಂದ ದೂರ ಇಟ್ಟರೆ ಅಂಚಿನಲ್ಲಿ ಕಪ್ಪು ಉಂಗುರ ಮೂಡುತ್ತದೆ; ರೆಪ್ಪೆ ಜೋತುಬಿದ್ದರೆ ಮೇಲ್ಭಾಗ ಮಾಯವಾಗುತ್ತದೆ. ಆದ್ದರಿಂದ ಎರಡು ವಾರದೊಳಗೆ, ಬೆಳಗಿನ ಹೊತ್ತು, ತಿಂಡಿ ತಿಂದ ಮೇಲೆ ಮತ್ತೊಮ್ಮೆ 24-2 ಎಂಬ ಮಾದರಿಯ ಫೀಲ್ಡ್ ಟೆಸ್ಟ್. ಬೆಳಕು ಕಾಣದೆಯೇ ಬಟನ್ ಒತ್ತಿದ ಪ್ರಮಾಣ 3%, ನೋಟ ಅಲುಗಿದ್ದು 14ರಲ್ಲಿ 2 ಸಲ, ನಂಬಬಹುದಾದ ಹಾಳೆ. ಪೊರೆಯಾಗಿದ್ದರೆ ಇಡೀ ಕ್ಷೇತ್ರ ಸಮನಾಗಿ ಮಂಕಾಗಬೇಕಿತ್ತು. ಇಲ್ಲಿ ಆಳವಾದದ್ದು ಮೇಲ್ಭಾಗದ ಕಮಾನಿನಾಕಾರದ ಕಲೆ ಮಾತ್ರ, ಅದೂ ಹಿಂದಿನ ಹಾಳೆಗಳಲ್ಲಿ ಇದ್ದ ಜಾಗದಲ್ಲೇ.

ಆ ಕಲೆ ನೋಟದ ನಡುಬಿಂದುವಿಗೆ ಹತ್ತಿರ ಬಂದಿತ್ತು. 24-2 ಪರೀಕ್ಷೆಯಲ್ಲಿ ಬಿಂದುಗಳ ನಡುವೆ 6 ಡಿಗ್ರಿ ಅಂತರ. ನಡುವಿನ 10 ಡಿಗ್ರಿಯೊಳಗೆ ಬೀಳುವುದು 12 ಬಿಂದು ಮಾತ್ರ. 10-2 ಪರೀಕ್ಷೆ ಅದೇ ಜಾಗವನ್ನು 2 ಡಿಗ್ರಿ ಅಂತರದಲ್ಲಿ 68 ಬಿಂದುಗಳಿಂದ ಸೋಸುತ್ತದೆ. ಅದನ್ನು ಮಾಡಿದಾಗ ಬಲಗಣ್ಣಿನ ನಡುಬಿಂದುವಿನ ಪಕ್ಕದಲ್ಲೇ, ಮೇಲ್ಗಡೆ, ಎರಡು ಬಿಂದು ಪೂರ್ತಿ ಕಪ್ಪಾಗಿದ್ದದ್ದು ಕಂಡಿತು. ಮುಂದಿನ ಚಿಕಿತ್ಸೆಯ ಅವಸರ ನಿರ್ಧಾರವಾದದ್ದು ಈ ಹಾಳೆಯಿಂದ. ಓದುವ, ಮುಖ ಗುರುತಿಸುವ ದೃಷ್ಟಿ ಇರುವುದು ಅಲ್ಲೇ.

ಕಣ್ಣಿನ ಹಿಂಭಾಗದ ಪದರಗಳ ದಪ್ಪ ಅಳೆಯುವ ಓಸಿಟಿ ಸ್ಕ್ಯಾನ್ ಅದಕ್ಕೆ ತಾಳೆಯಾಯಿತು: ಬಲಗಣ್ಣಿನ ಕೆಳಭಾಗದ ನರತಂತುಗಳ ಪದರ ಎರಡು ವರ್ಷದಲ್ಲಿ 78ರಿಂದ 66 ಮೈಕ್ರಾನ್‌ಗೆ ಇಳಿದಿತ್ತು. ಒಂದು ಎಚ್ಚರಿಕೆ: ಸಿಗ್ನಲ್ 6ಕ್ಕಿಂತ ಕಡಿಮೆ ಇದ್ದರೆ ಓಸಿಟಿ ಪದರವನ್ನು ಇರುವುದಕ್ಕಿಂತ ತೆಳುವಾಗಿ ತೋರಿಸಬಹುದು, ಸರಾಸರಿ 50ರ ಹತ್ತಿರ ಬಂದ ಮೇಲೆ ನರ ಇನ್ನೂ ಸಾಯುತ್ತಿದ್ದರೂ ಅಂಕಿ ಇಳಿಯುವುದೇ ಇಲ್ಲ. ಆ ಹಂತದಲ್ಲಿ ‘ಓಸಿಟಿ ಸ್ಥಿರವಾಗಿದೆ’ ಎಂಬ ಮಾತಿಗೆ ಬೆಲೆಯಿಲ್ಲ, ಫೀಲ್ಡ್ ಟೆಸ್ಟನ್ನೇ ನಂಬಬೇಕು.

ನರದ ಬಣ್ಣ ಬಟ್ಟಲಿನ ಆಳಕ್ಕೆ ತಕ್ಕಂತೆಯೇ ಇತ್ತು, ಬಣ್ಣ ಗುರುತಿಸುವ ಶಕ್ತಿ ಸರಿಯಿತ್ತು, ಹಾಗಾಗಿ ಮೆದುಳಿನ ಸ್ಕ್ಯಾನ್ ಬೇಕಾಗಲಿಲ್ಲ. ಬಟ್ಟಲಿಗಿಂತ ಬಿಳಚಿಕೆಯೇ ಹೆಚ್ಚಿದ್ದರೆ ಬೇಕಾಗುತ್ತಿತ್ತು.

ಹಿಗ್ಗಿಸದ ಪಾಪೆ

ಎರಡು ಕಣ್ಣಿಗೂ ಒಂದೇ ಬಾಟಲಿಯ ಹನಿ, ಒಂದೇ ದೇಹ, ಒಂದೇ ರಕ್ತದೊತ್ತಡ. ಹಾಗಿದ್ದೂ ಒಂದು ಕಣ್ಣು ಇನ್ನೊಂದಕ್ಕಿಂತ ಆರು ಪಟ್ಟು ವೇಗದಲ್ಲಿ ಇಳಿಯುತ್ತಿದೆ. ಹಾಗಾದರೆ ಆ ಕಣ್ಣಿನಲ್ಲೇ ಇರುವ ಕಾರಣವನ್ನು ಮೊದಲು ಹುಡುಕಬೇಕು.

ಕಾರಣ ಕಂಡದ್ದು ಪಾಪೆ ಹಿಗ್ಗಿಸಿದ ಮೇಲೆ. ಮೂರು ವರ್ಷದಲ್ಲಿ ಒಮ್ಮೆಯೂ ಪಾಪೆ ಹಿಗ್ಗಿಸಿರಲಿಲ್ಲ. ಬಸ್ಸಿನಲ್ಲಿ ಒಬ್ಬರೇ ವಾಪಸ್ ಹೋಗಬೇಕು, ಹನಿ ಹಾಕಿದರೆ ನಾಲ್ಕೈದು ಗಂಟೆ ಬಿಸಿಲು ಕುಕ್ಕುತ್ತದೆ ಎಂದು ಪ್ರತಿ ಸಲ ಬೇಡ ಎಂದಿದ್ದರು. ಸಣ್ಣ ಪಾಪೆಯ ಮೂಲಕ ನರದ ನಡುಭಾಗ ಕಾಣುತ್ತದೆ, ಅಷ್ಟು ಸಾಕಾಗಿತ್ತು. ಹಿಗ್ಗಿಸಿದಾಗ ಬಲಗಣ್ಣಿನ ಪಾಪೆ ಅರೆಮನಸ್ಸಿನಿಂದ 5 ಮಿ.ಮೀ. ತೆರೆಯಿತು, ಮಸೂರದ ಮೇಲೆ ಬೂದಿ ಉದುರಿದಂಥ ಬಿಳಿ ಪದರ ಉಂಗುರದಂತೆ ಕಂಡಿತು. ಸೂಡೋಎಕ್ಸ್‌ಫೋಲಿಯೇಶನ್. ಕಣ್ಣಿನೊಳಗೆ ಬಿಳಿ ಪುಡಿಯಂಥದ್ದು ಕೂರುವ ತೊಂದರೆ ಇದು. ಎಡಗಣ್ಣಿನಲ್ಲಿ ಅದರ ಸುಳಿವಿಲ್ಲ. ಗೋನಿಯೋಸ್ಕೋಪಿಯಲ್ಲಿ, ಅಂದರೆ ಕಣ್ಣಿನೊಳಗಿನ ನೀರು ಹೊರಹೋಗುವ ಕೋನವನ್ನು ನೋಡುವ ಪರೀಕ್ಷೆಯಲ್ಲಿ, ಎರಡೂ ಕಣ್ಣಿನ ಕೋನ ತೆರೆದಿದ್ದವು. ಬಲಕ್ಕೆ ಕೆಳಭಾಗದಲ್ಲಿ ದಟ್ಟ ಕಂದು ಬಣ್ಣ, ಅದರ ಮುಂದೆ ಅಲೆಯಂಥ ಗೆರೆ.

ಈ ಪುಡಿ, ಅದರ ಜೊತೆ ಉದುರುವ ಬಣ್ಣದ ಕಣಗಳು ಕಣ್ಣಿನೊಳಗಿನ ನೀರು (ಕಣ್ಣೀರಲ್ಲ) ಹೊರಹೋಗುವ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಒತ್ತಡ ಏರುವುದಷ್ಟೇ ಅಲ್ಲ, ದಿನದೊಳಗೇ ವಿಪರೀತ ಏರಿಳಿಯುತ್ತದೆ. ಸ್ವೀಡನ್‌ನ ಮಾಲ್ಮೊ ಮತ್ತು ಹೆಲ್ಸಿಂಗ್‌ಬೋರಿಯಲ್ಲಿ 255 ರೋಗಿಗಳ ಮೇಲೆ ನಡೆದ ‘ಅರ್ಲಿ ಮ್ಯಾನಿಫೆಸ್ಟ್ ಗ್ಲಾಕೋಮಾ ಟ್ರಯಲ್’ ರೋಗ ಏಕೆ ಮುಂದುವರಿಯುತ್ತದೆ ಎಂಬುದಕ್ಕೆ ಇಂದಿಗೂ ಮುಖ್ಯ ಆಧಾರ. ಅದರಲ್ಲಿ ಸೂಡೋಎಕ್ಸ್‌ಫೋಲಿಯೇಶನ್ ಇದ್ದವರ ಅಪಾಯ ಎರಡು ಪಟ್ಟಿನಷ್ಟಿತ್ತು. ಹೆಚ್ಚು ವಯಸ್ಸು, ಆರಂಭದಲ್ಲೇ ಕೆಟ್ಟಿದ್ದ ಫೀಲ್ಡ್, ಎರಡೂ ಕಣ್ಣಿನಲ್ಲಿ ರೋಗ, ನರದ ಅಂಚಿನ ರಕ್ತಸ್ರಾವ ಉಳಿದ ಅಂಶಗಳು. ಒತ್ತಡ ಒಂದು ಮಿ.ಮೀ. ಇಳಿದರೆ ಅಪಾಯ ಸುಮಾರು 10% ಇಳಿಯುತ್ತದೆ ಎಂಬ ಲೆಕ್ಕವೂ ಅಲ್ಲಿಂದಲೇ ಬಂದದ್ದು.

ಆ ಪಟ್ಟಿಯ ರಕ್ತಸ್ರಾವವೂ ಇಲ್ಲಿ ಸಿಕ್ಕಿತು. ಬಲಗಣ್ಣಿನ ನರದ ಅಂಚಿನಲ್ಲಿ, ಗಡಿಯಾರದ 7 ಗಂಟೆಯ ಜಾಗದಲ್ಲಿ, ಸಣ್ಣ ಗೀರಿನಂಥ ಕೆಂಪು. ಕೆಲವು ವಾರದಿಂದ ಎರಡು ಮೂರು ತಿಂಗಳೊಳಗೆ ಇದು ಮಾಸಿಹೋಗುತ್ತದೆ. ಭೇಟಿಗಳ ನಡುವೆ ಬಂದು ಹೋದದ್ದು ಯಾರಿಗೂ ಕಾಣುವುದಿಲ್ಲ. ನರದ ಕೆಳಭಾಗ ಕೆಟ್ಟರೆ ಫೀಲ್ಡ್‌ನಲ್ಲಿ ಮೇಲ್ಭಾಗ: ಕಲೆ ಬೆಳೆಯುತ್ತಿದ್ದ ಜಾಗಕ್ಕೆ ಸರಿಯಾಗಿ ಹೊಂದಿತು.

ಕಾರ್ನಿಯಾ ಬಗ್ಗೆ ಚಿಕ್ಕದಾಗಿ. ನಮ್ಮವರ ಸರಾಸರಿ ದಪ್ಪ ಸುಮಾರು 520 ಮೈಕ್ರಾನ್. 498 ಇದ್ದವರಲ್ಲಿ ಉಪಕರಣ ಒತ್ತಡವನ್ನು ಸ್ವಲ್ಪ ಕಡಿಮೆ ತೋರಿಸುತ್ತದೆ. ಎಷ್ಟು ಕಡಿಮೆ ಎಂದು ಲೆಕ್ಕ ಹಾಕಿ ಕೂಡಿಸುವ ಕೋಷ್ಟಕಗಳು ಇವೆ, ಅವು ಒಬ್ಬ ರೋಗಿಯ ಮಟ್ಟದಲ್ಲಿ ನಂಬುವಂಥವಲ್ಲ. ತೆಳು ಕಾರ್ನಿಯಾ ಎಂದರೆ 15ನ್ನು ನೋಡಿ ನೆಮ್ಮದಿಪಡಬೇಡಿ ಎಂದಷ್ಟೇ ಅರ್ಥ.

ಒಂದು ದಿನದ ಒತ್ತಡ

ರೋಗಿ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ಚೀಟಿ ಮಾಡಿಸಿ, ಒತ್ತಡ ಅಳೆಸಿಕೊಳ್ಳುವಾಗ ಯಾವಾಗಲೂ 11ರಿಂದ 12ರ ನಡುವೆ. ಫೈಲಿನ ಅಷ್ಟೂ ಅಳತೆಗಳು ಆ ಒಂದು ಗಂಟೆಯವು. ಈ ಸಲ ರಾತ್ರಿ ಉಳಿಸಿಕೊಂಡು ಅಪ್ಲನೇಷನ್ ಟೋನೋಮೀಟರ್‌ನಲ್ಲಿ ಮೂರು ಗಂಟೆಗೊಮ್ಮೆ ಅಳೆಯಲಾಯಿತು. ಬಲಗಣ್ಣು: ಬೆಳಗ್ಗೆ 6ಕ್ಕೆ ಎದ್ದ ತಕ್ಷಣ 23, 9ಕ್ಕೆ 21, ಮಧ್ಯಾಹ್ನ 12ಕ್ಕೆ 16, 3ಕ್ಕೆ 15, ಸಂಜೆ 6ಕ್ಕೆ 15, ರಾತ್ರಿ 9ಕ್ಕೆ 17. ಎಡಗಣ್ಣು ದಿನವಿಡೀ 13ರಿಂದ 16.

ಎಂಟು ಮಿ.ಮೀ. ಏರಿಳಿತ, ಅದೂ ಡ್ರಾಪ್ಸ್ ಹಾಕಿಕೊಂಡ ದಿನ. ಹೀಗೆ ರಾತ್ರಿ ಉಳಿಸಿಕೊಳ್ಳಲು ಎಲ್ಲ ಕಡೆ ಅನುಕೂಲ ಇರುವುದಿಲ್ಲ. ಅಲ್ಲಿ ಮಾಡಬಹುದಾದ ಸುಲಭ ಕೆಲಸವೆಂದರೆ ಒಂದು ಭೇಟಿ ಬೆಳಗ್ಗೆ 8ಕ್ಕೆ, ಮುಂದಿನದು ಸಂಜೆಗೆ ಕೊಡುವುದು, ಒತ್ತಡದ ಪಕ್ಕದಲ್ಲಿ ಹೊತ್ತನ್ನೂ ಬರೆಯುವುದು.

ಇಲ್ಲೇ ಎರಡು ಅಭ್ಯಾಸಗಳ ಮಾತು. ಬೆಳಗ್ಗೆ ಎದ್ದ ಕೂಡಲೇ ಒಂದು ಲೀಟರ್ ನೀರನ್ನು ಒಂದೇ ಉಸಿರಿಗೆ ಕುಡಿಯುವುದು ಈ ರೋಗಿಯ ರೂಢಿ. ಕಣ್ಣಿನೊಳಗಿನ ನೀರಿನ ಹೊರದಾರಿ ಎಷ್ಟು ಸರಾಗವಾಗಿದೆಯೆಂದು ತಿಳಿಯಲು ವೈದ್ಯರು ಬೇಕೆಂದೇ ಇಷ್ಟು ನೀರನ್ನು ಐದು ನಿಮಿಷದಲ್ಲಿ ಕುಡಿಸಿ ಒತ್ತಡ ಏರುವುದನ್ನು ಅಳೆಯುವುದುಂಟು. ಒತ್ತಡ ಹೇಗೂ ಹೆಚ್ಚಿರುವ ಹೊತ್ತಿಗೆ ಇದು ಬೇಡ. ಅದೇ ನೀರನ್ನು ಒಂದು ಗಂಟೆಯಲ್ಲಿ ಹಂಚಿ ಕುಡಿದರೆ ತೊಂದರೆಯಿಲ್ಲ. ಇನ್ನೊಂದು ಶೀರ್ಷಾಸನ. ಇವರು ಮಾಡುತ್ತಿರಲಿಲ್ಲ, ಆದರೆ ಕೇಳಲೇಬೇಕಾದ ಪ್ರಶ್ನೆ: ತಲೆಕೆಳಗಾಗಿ ನಿಂತಿರುವಷ್ಟು ಹೊತ್ತು ಕಣ್ಣಿನ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. ಗ್ಲಾಕೋಮಾ ಇದ್ದವರು ಉಳಿದ ಆಸನಗಳನ್ನು ಮಾಡಲಿ, ತಲೆಕೆಳಗಿನವನ್ನು ಬಿಡಲಿ. ಮೊಬೈಲ್ ನೋಡುವುದು, ಓದುವುದರಿಂದ ರೋಗ ಬೆಳೆಯುತ್ತದೆ ಎಂಬ ಭಯಕ್ಕೆ ಮಾತ್ರ ಆಧಾರವಿಲ್ಲ.

ಬಾಟಲಿಗಳ ಲೆಕ್ಕ

‘ಡ್ರಾಪ್ಸ್ ಸರಿಯಾಗಿ ಹಾಕ್ತಾ ಇದ್ದೀರಾ?’ ಎಂದು ಕೇಳಿದರೆ ‘ಹೌದು ಡಾಕ್ಟ್ರೇ’ ಎಂಬ ಉತ್ತರವೇ ಬರುತ್ತದೆ. ಪ್ರಶ್ನೆಯೇ ತಪ್ಪು. ‘ಕಳೆದ ಒಂದು ವರ್ಷದಲ್ಲಿ ಎಷ್ಟು ಬಾಟಲಿ ಕೊಂಡಿರಿ, ಎಲ್ಲಿ ಕೊಂಡಿರಿ?’ ಎಂದು ಕೇಳಬೇಕು. 2.5 ಮಿ.ಲೀ. ಬಾಟಲಿಯಲ್ಲಿ ಸುಮಾರು 80 ಹನಿ ಇರುತ್ತದೆ. ದಿನಕ್ಕೆ ಎರಡು ಕಣ್ಣಿಗೆ ಎರಡು ಹನಿ ಎಂದರೆ, ಒಂದೂ ಕೆನ್ನೆಗೆ ಬೀಳದಿದ್ದರೆ, 40 ದಿನ. ತೆರೆದ ಬಾಟಲಿಯನ್ನು ನಾಲ್ಕರಿಂದ ಆರು ವಾರದೊಳಗೆ ಬಿಸಾಡಬೇಕು. ಹೇಗೆ ಲೆಕ್ಕ ಹಾಕಿದರೂ ವರ್ಷಕ್ಕೆ ಒಂಬತ್ತಕ್ಕೆ ಕಡಿಮೆಯಾಗುವಂತಿಲ್ಲ. ಇವರು ಕೊಂಡದ್ದು ಆರು.

ಎಲ್ಲಿ ಬಿಟ್ಟುಹೋಯಿತು ಎಂಬುದೂ ಸಿಕ್ಕಿತು. ಕೊಯ್ಲಿನ ತಿಂಗಳುಗಳಲ್ಲಿ, ಕೊನೆಗಾರರು ಸಿಕ್ಕಿದಾಗಲೇ ಕೆಲಸ ಮುಗಿಸಬೇಕು, ರಾತ್ರಿ ಸುಲಿಯುವುದು, ಬೇಯಿಸುವುದು. ಪೇಟೆಗೆ ಹೋಗುವುದೇ ಇಲ್ಲ. ಬಾಟಲಿ ಮುಗಿದರೆ ಮುಂದಿನ ಭೇಟಿ ಹತ್ತಿರ ಬರುವವರೆಗೆ ಹಾಗೇ. ಭೇಟಿಗೆ ಮುಂಚಿನ ವಾರ ಮಾತ್ರ ತಪ್ಪದೆ ಹಾಕಿಕೊಳ್ಳುತ್ತಿದ್ದರು, ಆಸ್ಪತ್ರೆಯಲ್ಲಿ 15 ಬರುತ್ತಿತ್ತು. ಲ್ಯಾಟನೊಪ್ರಾಸ್ಟ್ ಕೆಲವೇ ದಿನದಲ್ಲಿ ಪರಿಣಾಮ ತೋರಿಸುವ ಔಷಧಿ. ನಾಲ್ಕು ತಿಂಗಳ ಬಿಡುವನ್ನು ಒಂದು ವಾರ ಮುಚ್ಚಿಹಾಕಬಲ್ಲದು.

ಹಾಕುವ ಕ್ರಮವನ್ನು ಬಾಯಲ್ಲಿ ಕೇಳದೆ ಎದುರಿಗೆ ಹಾಕಿಸಿ ನೋಡಿದಾಗ ಇನ್ನೆರಡು ತಪ್ಪು ಕಂಡವು. ಲ್ಯಾಟನೊಪ್ರಾಸ್ಟ್ ಹಾಕಿದ ಬೆನ್ನಿಗೇ ಟಿಮೋಲಾಲ್ ಹಾಕುತ್ತಿದ್ದರು. ಎರಡನೆಯ ಹನಿ ಮೊದಲನೆಯದನ್ನು ತೊಳೆದುಕೊಂಡು ಹೋಗುತ್ತದೆ. ಕನಿಷ್ಠ ಐದು ನಿಮಿಷ ಬೇಕು. ಹಾಕಿದ ಮೇಲೆ ಪಟಪಟ ರೆಪ್ಪೆ ಬಡಿಯುತ್ತಿದ್ದರು. ಅದರಿಂದ ಔಷಧಿ ಕಣ್ಣೀರಿನ ದಾರಿಯಲ್ಲಿ ಮೂಗಿಗೆ, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಕೆಳರೆಪ್ಪೆ ಎಳೆದು, ಒಂದು ಹನಿ ಬಿಟ್ಟು, ಕಣ್ಣನ್ನು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯುವುದು ಸರಿಯಾದ ಕ್ರಮ.

ಬಾಟಲಿ ಲೆಕ್ಕ ಸಿಕ್ಕಿದ ಕೂಡಲೇ ‘ರೋಗಿಯದೇ ತಪ್ಪು’ ಎಂದು ಫೈಲು ಮುಚ್ಚಲು ಮನಸ್ಸಾಗುತ್ತದೆ. ಅದು ಅರ್ಧ ಸತ್ಯ. ಅದೇ ಬಿಡುವು ಎಡಗಣ್ಣಿಗೂ ಇತ್ತು, ಅದು ತಡೆದುಕೊಂಡಿತು. ಪುಡಿ ತುಂಬಿದ ಬಲಗಣ್ಣು ತಡೆದುಕೊಳ್ಳಲಿಲ್ಲ.

ಚರ್ಮದ ಮುಲಾಮಿನ ವಿಚಾರವನ್ನೂ ನೋಡಲಾಯಿತು. ಮಲೆನಾಡಿನ ಮಳೆಗಾಲದಲ್ಲಿ ಹುಳುಕಡ್ಡಿಗೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಸಾಮಾನ್ಯ. ರೆಪ್ಪೆಯ ಹತ್ತಿರ ಹಚ್ಚಿದರೆ, ಇನ್ನೂ ಹೆಚ್ಚಾಗಿ ಸ್ಟೀರಾಯ್ಡ್ ಹನಿಗಳನ್ನು ಕಣ್ಣಿಗೇ ಹಾಕಿದರೆ, ಒತ್ತಡ ಏರುತ್ತದೆ. ಇವರು ತೊಡೆಗೆ ಹಚ್ಚುತ್ತಿದ್ದರು. ನಿಲ್ಲಿಸಿದ ಮೇಲೂ ಒತ್ತಡ ಬದಲಾಗಲಿಲ್ಲ.

ರಾತ್ರಿಯ ರಕ್ತದೊತ್ತಡ

ಆರು ವರ್ಷದಿಂದ ಬಿಪಿ ಮಾತ್ರೆ: ಬೆಳಗ್ಗೆ ಆಮ್ಲೋಡಿಪಿನ್ 5 ಮಿ.ಗ್ರಾಂ, ರಾತ್ರಿ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಮಲಗುವ ಮುಂಚೆ ಟಿಮೋಲಾಲ್‌ನ ಎರಡನೆಯ ಹನಿ. ಟಿಮೋಲಾಲ್ ರಾತ್ರಿ ಹೊತ್ತು ಕಣ್ಣಿನ ಒತ್ತಡವನ್ನು ಅಷ್ಟಾಗಿ ಇಳಿಸುವುದಿಲ್ಲ, ರಕ್ತಕ್ಕೆ ಸೇರಿದ ಭಾಗ ನಾಡಿಯನ್ನೂ ರಕ್ತದೊತ್ತಡವನ್ನೂ ಇಳಿಸುತ್ತದೆ. 24 ಗಂಟೆ ತೋಳಿಗೆ ಕಟ್ಟುವ ಯಂತ್ರದಲ್ಲಿ ಹಗಲಿನ ಸರಾಸರಿ 132/78, ರಾತ್ರಿಯದು 104/56. ರಾತ್ರಿ 10ರಿಂದ 20% ಇಳಿಯುವುದು ಸಹಜ, ಇಲ್ಲಿ ಮೇಲಿನ ಬಿಪಿ ಇಳಿದದ್ದು 21%.

ನರಕ್ಕೆ ರಕ್ತ ನುಗ್ಗಬೇಕಾದರೆ ರಕ್ತದ ಒತ್ತಡ ಕಣ್ಣಿನ ಒತ್ತಡವನ್ನು ಮೀರಬೇಕು. ಕೆಳಗಿನ ಬಿಪಿಯಿಂದ ಕಣ್ಣಿನ ಒತ್ತಡ ಕಳೆದರೆ ಸ್ಥೂಲ ಅಂದಾಜು ಸಿಗುತ್ತದೆ: ಹಗಲಲ್ಲಿ 78 − 15 = 63. ನಸುಕಿನಲ್ಲಿ 56 − 23 = 33. ಬಾಲ್ಟಿಮೋರ್, ಬಾರ್ಬಡೋಸ್ ಸಮೀಕ್ಷೆಗಳಲ್ಲಿ ಈ ವ್ಯತ್ಯಾಸ ಕಡಿಮೆ ಇದ್ದವರಲ್ಲಿ ಗ್ಲಾಕೋಮಾ ಹೆಚ್ಚು ಕಂಡಿತ್ತು. ಒತ್ತಡದಷ್ಟು ಗಟ್ಟಿಯಾದ ಪುರಾವೆ ಇದಕ್ಕಿಲ್ಲ, ಇದನ್ನು ಸರಿಪಡಿಸಿದರೆ ರೋಗ ನಿಲ್ಲುತ್ತದೆಂದು ಯಾರೂ ತೋರಿಸಿಲ್ಲ. ಆದರೂ ಖರ್ಚಿಲ್ಲದ ತಿದ್ದುಪಡಿ: ಫಿಸಿಷಿಯನ್ ಜೊತೆ ಮಾತಾಡಿ ಟೆಲ್ಮಿಸಾರ್ಟನ್‌ನ್ನು ಬೆಳಗಿಗೆ ತರಲಾಯಿತು, ಟಿಮೋಲಾಲ್ ಬೆಳಗ್ಗೆ ಮಾತ್ರ ಉಳಿಯಿತು. ಇದನ್ನು ಓದಿ ಯಾರೂ ತಾವಾಗಿ ಬಿಪಿ ಮಾತ್ರೆ ಬಿಡಬಾರದು. ಪಾರ್ಶ್ವವಾಯು ಗ್ಲಾಕೋಮಾಗಿಂತ ಬೇಗ ಬರುತ್ತದೆ.

ಚಿಕಿತ್ಸೆಯ ನಿರ್ಧಾರ

ಬಲಗಣ್ಣಿನ ಗುರಿ 12 ಎಂದು ಬರೆಯಲಾಯಿತು, ದಿನದ ಯಾವ ಹೊತ್ತಿನಲ್ಲೂ. ಅಮೆರಿಕದ ‘ಅಡ್ವಾನ್ಸ್ಡ್ ಗ್ಲಾಕೋಮಾ ಇಂಟರ್ವೆನ್ಷನ್ ಸ್ಟಡಿ’ಯಲ್ಲಿ ಪ್ರತಿ ಭೇಟಿಯಲ್ಲೂ 18ಕ್ಕಿಂತ ಕೆಳಗಿದ್ದ ಗುಂಪಿನ ಸರಾಸರಿ ಒತ್ತಡ 12.3 ಇತ್ತು, ಆ ಗುಂಪಿನ ಫೀಲ್ಡ್ ಸರಾಸರಿಯಲ್ಲಿ ಇಳಿಯಲಿಲ್ಲ. ‘ಪ್ರತಿ ಭೇಟಿಯಲ್ಲೂ’ ಎಂಬುದನ್ನು ಬಿಟ್ಟು ಓದಿದರೆ ಆ ಫಲಿತಾಂಶಕ್ಕೆ ಅರ್ಥವೇ ಇಲ್ಲ.

ಮೊದಲು ಡೋರ್ಜೋಲಮೈಡ್ 2% ಎಂಬ ಮೂರನೆಯ ಡ್ರಾಪ್ಸನ್ನು ಬೆಳಗ್ಗೆ ಮತ್ತು ಸಂಜೆ ಸೇರಿಸಿ, ಬಲಗಣ್ಣಿಗೆ ಎಸ್‌ಎಲ್‌ಟಿ ಲೇಸರ್ (ನೀರು ಹೊರಹೋಗುವ ಜಾಲರಿಗೆ ಕೊಡುವಂಥದ್ದು), ಸುತ್ತ 360 ಡಿಗ್ರಿ. ಬಣ್ಣ ದಟ್ಟವಾಗಿರುವ ಕೋನದಲ್ಲಿ ಲೇಸರ್ ಮೊದಮೊದಲು ಚೆನ್ನಾಗಿ ಕೆಲಸ ಮಾಡುತ್ತದೆ. ಸೂಡೋಎಕ್ಸ್‌ಫೋಲಿಯೇಶನ್‌ನಲ್ಲಿ ಪರಿಣಾಮ ಬೇಗ ಸವೆಯುತ್ತದೆ. ಆರು ವಾರದ ನಂತರ ಬೆಳಗಿನ ಅಳತೆ 18. ಬೇರೆ ಕಣ್ಣಾಗಿದ್ದರೆ ಇನ್ನೂ ಕಾಯಬಹುದಿತ್ತು. ನಡುಬಿಂದುವಿನ ಪಕ್ಕ ಕಪ್ಪಾಗಿರುವ ಕಣ್ಣಿಗೆ ನಾಲ್ಕನೆಯ, ಐದನೆಯ ಬಾಟಲಿ ಹುಡುಕುತ್ತಾ ಕೂರುವುದು ತಪ್ಪು. ಅದೂ ಕೊಯ್ಲಿನಲ್ಲಿ ಎರಡು ಬಾಟಲಿಯೇ ನಿಭಾಯಿಸಲಾಗದವರಿಗೆ.

ಟ್ರಾಬೆಕ್ಯುಲೆಕ್ಟಮಿ ಮಾಡಲಾಯಿತು: ಕಣ್ಣಿನೊಳಗಿನ ನೀರು ಬಿಳಿಗುಡ್ಡೆಯ ಮೇಲೆ ಒಂದು ಗುಳ್ಳೆಗೆ ಹರಿಯುವಂತೆ ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ. ಆ ದಾರಿ ಮುಚ್ಚಿಕೊಳ್ಳದಂತೆ ಮೈಟೋಮೈಸಿನ್ 0.02% ಎರಡು ನಿಮಿಷ. ಮುಂಚೆ ಹೇಳಿದ ಮಾತುಗಳಲ್ಲಿ ಮೂರು ಮುಖ್ಯ: ಹೋದ ದೃಷ್ಟಿ ಬರುವುದಿಲ್ಲ; ಇಷ್ಟು ಮುಂದುವರಿದ ಕಣ್ಣಿನಲ್ಲಿ ಅಪರೂಪಕ್ಕೆ ಶಸ್ತ್ರಚಿಕಿತ್ಸೆಯಿಂದಲೇ ನಡುದೃಷ್ಟಿ ಹೋಗಬಹುದು; ಪೊರೆ ಬೇಗ ಬೆಳೆಯುತ್ತದೆ. ಮೊದಲ ದಿನ ಒತ್ತಡ 8, ಎರಡನೆಯ ವಾರ 17ಕ್ಕೆ ಏರಿತು. ಲೇಸರ್‌ನಿಂದ ಒಂದು ಹೊಲಿಗೆ ಕತ್ತರಿಸಿದ ಮೇಲೆ 11. ಸ್ಟೀರಾಯ್ಡ್ ಹನಿ ಎರಡು ತಿಂಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಲಾಯಿತು. ಬಿಳಿಗುಡ್ಡೆಯ ಮೇಲಿನ ಗುಳ್ಳೆಗೆ ಸೋಂಕು ತಗುಲಿದರೆ ಇಡೀ ಕಣ್ಣೇ ಹೋಗಬಹುದು. ಕೆಂಪು, ನೋವು, ಕೀವು ಕಂಡರೆ ಅದೇ ದಿನ ಬರಬೇಕೆಂದು ಮಗನಿಗೂ ಹೇಳಲಾಯಿತು; ತೋಟಕ್ಕೆ ಔಷಧಿ ಹೊಡೆಯುವಾಗ, ಸುಲಿಯುವಾಗ ಕನ್ನಡಕ ಕಡ್ಡಾಯ.

ಎರಡು ವರ್ಷದ ನಂತರ

ಈ ಸಲ ವರ್ಷಕ್ಕೊಂದು ಫೀಲ್ಡ್ ಅಲ್ಲ. ವರ್ಷಕ್ಕೆ 2 ಡೆಸಿಬೆಲ್ ಇಳಿಯುವ ಕಣ್ಣನ್ನು ಎರಡು ವರ್ಷದಲ್ಲಿ ಹಿಡಿಯಬೇಕಾದರೆ ಆರು ಪರೀಕ್ಷೆ ಬೇಕೆಂಬುದು ಈಗ ಒಪ್ಪಿತವಾದ ಲೆಕ್ಕ. ಒಂದು ಭೇಟಿ ತಪ್ಪಿ ಐದಾದವು: −10.8, −11.0, −11.3, −11.1, −11.2. ಬಲಗಣ್ಣಿನ ಒತ್ತಡ ಡ್ರಾಪ್ಸ್ ಇಲ್ಲದೆ 10ರಿಂದ 12, ಬೆಳಗ್ಗೆ 8ಕ್ಕೆ ಅಳೆದಾಗಲೂ. 10-2ರಲ್ಲಿ ಹೊಸ ಬಿಂದು ಕಪ್ಪಾಗಿಲ್ಲ, ನರದ ಅಂಚಿನಲ್ಲಿ ಮತ್ತೆ ರಕ್ತ ಕಂಡಿಲ್ಲ.

ಪೊರೆ ನಿರೀಕ್ಷೆಯಂತೆ ಬೆಳೆದಿದೆ, ಬಲಗಣ್ಣು ಈಗ 6/18. ತೆಗೆಯಲು ಅವಸರವಿಲ್ಲ: ಈ ಕಣ್ಣುಗಳಲ್ಲಿ ಮಸೂರ ಹಿಡಿದಿರುವ ನೂಲುಗಳು ಸಡಿಲ, ಪಾಪೆ ಹಿಗ್ಗದು, ಶಸ್ತ್ರಚಿಕಿತ್ಸೆಯ ಉರಿಯೂತದಿಂದ ಗುಳ್ಳೆ ಮುಚ್ಚಿಕೊಳ್ಳಬಹುದು. ಓದಲು ಅಡ್ಡಿಯಾದಾಗ, ಈ ಬಗೆಯ ಕಣ್ಣು ಮಾಡಿ ಗೊತ್ತಿರುವವರ ಕೈಯಲ್ಲಿ.

ಎಡಗಣ್ಣು −3.7. ರಾತ್ರಿ ಒಂದೇ ಹನಿ ಲ್ಯಾಟನೊಪ್ರಾಸ್ಟ್, ಹೆಂಡತಿ ಹಾಕುತ್ತಾರೆ. ಕೊಯ್ಲಿಗೆ ಮುಂಚೆ ನಾಲ್ಕು ಬಾಟಲಿ ಒಟ್ಟಿಗೆ ತಂದು ಫ್ರಿಜ್ಜಿನಲ್ಲಿ ಇಡುತ್ತಾರೆ. ಆ ಕಣ್ಣಿಗೂ ಮುಂದೆ ಪುಡಿ ಬರಬಹುದು, ಆದ್ದರಿಂದ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವುದು ಬಿಡುವಂತಿಲ್ಲ. ಆ ದಿನ ಮಗ ಜೊತೆಗೆ ಬರುತ್ತಾನೆ. ತಮ್ಮ, ತಂಗಿ ಇಬ್ಬರನ್ನೂ ಪರೀಕ್ಷೆಗೆ ಕರೆಸಲಾಯಿತು. ತಂಗಿಗೆ ಏನೂ ಇಲ್ಲ. ತಮ್ಮನ ಒತ್ತಡ 22, ನರ ಅನುಮಾನಾಸ್ಪದ, ಫೀಲ್ಡ್ ಸರಿಯಿದೆ. ಆರು ತಿಂಗಳಿಗೆ ಮತ್ತೆ ಬರಲು ದಿನಾಂಕ ಕೊಡಲಾಗಿದೆ, ಬೆಳಗ್ಗೆ 8ಕ್ಕೆ.